ಪೂಣಚ್ಚನ ನಾಲ್ಕನೇ ಸಾಲು

ಮಹಿಪಾಲ್‌ಪುರದ ಒಳಗಲ್ಲಿಯೊಂದರಲ್ಲಿ ಚೌಧರಿಯ ಮೂರಂತಸ್ತಿನ ಮನೆ. ಆ ಮನೆಯ ನೆಲಮಾಳಿಗೆಯಲ್ಲಿ ನಿವೃತ್ತ ಸುಬೇದಾರ್ ಪೂಣಚ್ಚನ ಗೋಡೌನ್, ಮೇಲಿನ ಅಂತಸ್ತಿನಲ್ಲಿ ಅವನ ಸಂಸಾರ. ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ದಿಲ್ಲಿ ಕಂಟೋನ್ಮೆಂಟಿನ ಕನ್ನಡದವರಲ್ಲಿ ಯಾರಿಗೆ ಲೇಹ್‌ಗೋ ತೇಜ್‌ಪುರಕ್ಕೋ ವರ್ಗವಾದರೂ ಸಂಸಾರವನ್ನು ಊರಿಗೆ ಕಳಿಸಿ, ಹೆಸರು ಬರೆದ ಕಪ್ಪು ಟ್ರಂಕುಗಳನ್ನು ತಂದು ಇಲ್ಲಿ ಇಳಿಸುತ್ತಿದ್ದರು. ಗುಡಗಾಂವಿನ ಕಂಪನಿ ಹುಡುಗರು, ಮುಖರ್ಜಿ ನಗರದಲ್ಲಿ ಐಎಎಸ್‌ಗೆ ಓದುವವರು ರೂಮು ಬಿಡುವಾಗ ಕೂಲರು, ಹಾಸಿಗೆ, ಪುಸ್ತಕದ ಮೂಟೆ ತಂದಿಡುತ್ತಿದ್ದರು. ತಿಂಗಳಿಗೆ ಒಂದು ಪೆಟ್ಟಿಗೆಗೆ ಇಷ್ಟು ಎಂದು ಬಾಡಿಗೆ.

ಪೂಣಚ್ಚ ಸೈನ್ಯದಲ್ಲಿದ್ದಷ್ಟು ಕಾಲವೂ ಉಗ್ರಾಣ ಕಾದವನು. ರಜೆಗೆ ಹೋದ ಕೊಡಗಿನ ಫೌಜಿಗಳೆಲ್ಲ ಗಡಿಯ ಕಥೆ ಹೇಳಿದರೆ ಇವನು ಹೇಳುತ್ತಿದ್ದದ್ದು ಕಂಬಳಿಯ ಕಥೆ, ಬೂಟಿನ ಕಥೆ. ಅವನಿಗೆ ಇದ್ದ ಶತ್ರುಗಳು ಮೂರೇ: ಇಲಿ, ಗೆದ್ದಲು, ಮತ್ತು ಸಹಿ ಹಾಕದೆ ಸಾಮಾನು ಕೇಳುವ ಮನುಷ್ಯ. ಸಹಿ ಇಲ್ಲದೆ ಸೂಜಿಯೂ ಹೊರಗೆ ಹೋಗಕೂಡದು ಎಂಬ ಉಗ್ರಾಣದ ನಿಯಮವನ್ನು ಪಿಂಚಣಿಯ ಜೊತೆಗೇ ಮನೆಗೆ ತಂದಿದ್ದ. ಹಿಂದಿನ ಚಳಿಗಾಲದಲ್ಲಿ ಹೆಂಡತಿ ದೇವಮ್ಮ ತಾನು ಹೊದೆಯುವ ರಜಾಯಿಯನ್ನು ಗೋಡೌನಿನಿಂದ ತರಲು ಇಳಿದಾಗ ಅವಳ ಮುಂದೆಯೂ ಸಹಿಯ ಪುಸ್ತಕ ಹಿಡಿದಿದ್ದ. ದೇವಮ್ಮ ಸಹಿ ಹಾಕಿ, ರಜಾಯಿ ಹೊತ್ತು ಬಂದು, ಎರಡು ದಿನ ಅವನೊಡನೆ ಮಾತು ಬಿಟ್ಟಿದ್ದಳು.

ವ್ಯಾಪಾರದ ಲಾಭನಷ್ಟವನ್ನು ಅವನು ಟ್ರಂಕುಗಳನ್ನು ತೋರಿಸಿಯೇ ಹೇಳುತ್ತಿದ್ದ. ಗೋಡೌನಿನಲ್ಲಿ ನಾಲ್ಕು ಸಾಲು. ಮೊದಲನೇ ಸಾಲು ದುಡಿಯುವುದು ಚೌಧರಿಯ ಬಾಡಿಗೆಗೆ. ಎರಡನೆಯದು ಕರೆಂಟಿಗೆ, ಕರೆಂಟು ಹೋದಾಗ ಜನರೇಟರಿನ ಡೀಸೆಲ್ಲಿಗೆ, ತೇವ ಹೀರುವ ಫ್ಯಾನುಗಳಿಗೆ, ಗೆದ್ದಲಿನ ಔಷಧಿಗೆ. ಮೂರನೆಯದು ಕಾವಲಿನವನ ಸಂಬಳಕ್ಕೆ, ಹೊರುವವರ ಕೂಲಿಗೆ, ವಿಮೆಗೆ. ನಾಲ್ಕನೇ ಸಾಲು ಮಾತ್ರ ಪೂಣಚ್ಚನ ಅನ್ನ. ಆ ನಾಲ್ಕನೇ ಸಾಲೋ, ವರ್ಗಾವಣೆಯ ಕಾಲದಲ್ಲಿ ತುಂಬಿ ಚಳಿಗಾಲಕ್ಕೆ ಬರಿದಾಗುತ್ತಿತ್ತು. ಬಾಡಿಗೆ ಕಳಿಸುವುದನ್ನೇ ಮರೆತವರ ಟ್ರಂಕುಗಳು ಕೂತಿದ್ದದ್ದೂ ಅಲ್ಲೇ. ನಿವೃತ್ತಿಯಾದಾಗ ಬಂದ ಗ್ರಾಚ್ಯುಟಿಯನ್ನೆಲ್ಲ ಟ್ರಂಕು ಜೋಡಿಸುವ ಕಬ್ಬಿಣದ ಹಲಗೆಗಳಿಗೆ ಸುರಿದಾಗಿತ್ತು. ಗುಡಗಾಂವಿನಲ್ಲಿ ಕೆಲಸ ಮಾಡುವ ಮಗಳು ಅದಿತಿ, "ಪಪ್ಪಾ, ಇದು ಬಿಸಿನೆಸ್ ಅಲ್ಲ, ಸಮಾಜಸೇವಾ ಹೈ ಯೇ. ಗ್ರೇಟರ್ ನೋಯ್ಡಾದಲ್ಲಿ ಶೆಡ್ಡು ಅರ್ಧ ಬಾಡಿಗೆಗೆ ಸಿಗುತ್ತೆ" ಎನ್ನುತ್ತಿದ್ದಳು. ಬಾಡಿಗೆ ಅರ್ಧವೇನೋ ಸರಿ, ಗಿರಾಕಿಯೂ ಅರ್ಧವಾದರೆ? ಒಂದು ಟ್ರಂಕು ಇಡಲು ಯಮುನೆ ದಾಟಿ ಯಾರು ಬರುತ್ತಾರೆ? ಪೂಣಚ್ಚ ಅಲುಗಾಡಲಿಲ್ಲ.

ಎರಡು ಸಾವಿರದ ಆರನೇ ಇಸವಿಯ ಬೇಸಿಗೆಯಲ್ಲಿ ದಿಲ್ಲಿಯ ತುಂಬ ಒಂದೇ ಮಾತು: ಸೀಲಿಂಗ್. ವಾಸದ ಬಡಾವಣೆಗಳಲ್ಲಿ ನಡೆಯುವ ಅಂಗಡಿ, ಆಫೀಸುಗಳಿಗೆ ಕೋರ್ಟಿನ ಆದೇಶದಂತೆ ಬೀಗ, ಬೀಗದ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಅರಗಿನ ಮುದ್ರೆ. ಬೇರೆಯವರಿಗೆ ಸೀಲ್ ಬಿದ್ದರೆ ವ್ಯಾಪಾರ ನಿಲ್ಲುತ್ತದೆ, ಅಷ್ಟೇ. ಪೂಣಚ್ಚನ ಬಾಗಿಲಿಗೆ ಬಿದ್ದರೆ ಎಲ್ಲೆಲ್ಲೋ ಹಿಮದಲ್ಲಿ ನಿಂತವರ ಸಂಸಾರವೆಲ್ಲ ಒಳಗೆ ಸಿಕ್ಕಿಕೊಳ್ಳುತ್ತದೆ. ತೆರೆಯುವುದು ಆರು ತಿಂಗಳಿಗೋ, ವರ್ಷಕ್ಕೋ. ಅಷ್ಟರಲ್ಲಿ ಮಳೆಗಾಲ ಬಂದು, ಫ್ಯಾನು ನಿಂತ ನೆಲಮಾಳಿಗೆಯಲ್ಲಿ ಏನು ಉಳಿದೀತು?

ದಾರಿ ತೋರಿಸಿದವನು ಚೌಧರಿ. "ಸುಬೇದಾರ್ ಸಾಬ್, ಮನೆಯ ನೆಲಮಾಳಿಗೆಯಲ್ಲಿ ಮನೆಸಾಮಾನು ಇಡೋಕೆ ಅಡ್ಡಿ ಇಲ್ಲ. ನಿಮ್ಮಲ್ಲಿರೋದೂ ಮನೆಸಾಮಾನೇ ತಾನೆ? ಎಲ್ಲಾ ನಿಮ್ಮದೇ ಅಂದುಬಿಡಿ. ಬಾಯಲ್ಲಿ ಒಂದು ಮಾತು, ಅಷ್ಟೇ."

ಪೂಣಚ್ಚ ಒಪ್ಪಿದ. ಹಾಗೆ ನೋಡಿದರೆ ಅದು ಮುಕ್ಕಾಲು ನಿಜವೇ ಅಲ್ಲವೇ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ತಪಾಸಣೆ ಎಂಬ ಮಾತು ಕಿವಿಗೆ ಬಿದ್ದರೆ ಫೌಜಿನವನ ಕೈ ಸುಮ್ಮನಿರುತ್ತದೆಯೇ? ಮರುದಿನವೇ ಸುಣ್ಣ ತಂದು ನೆಲದ ಮೇಲೆ ನೆಟ್ಟಗೆ ಬಿಳಿ ಗೆರೆ ಎಳೆದ. ಸಾಲುಗಳಿಗೆ ನಂಬರು ಬರೆದ. ಟ್ರಂಕುಗಳ ಧೂಳು ಒರೆಸಿ ಹೆಸರುಗಳೆಲ್ಲ ಹೊರಮುಖವಾಗುವಂತೆ ತಿರುಗಿಸಿದ. ದೇವಮ್ಮ ಕೆಳಗಿಳಿದು ನೋಡಿ ತಲೆ ಚಚ್ಚಿಕೊಂಡಳು.

"ಇದು ಮನೆ ಥರಾ ಕಾಣ್ತಿದ್ಯಾ? ಜನರಲ್ ಸಾಹೇಬ್ರು ಬರ್ತಾರೆ ಅಂದ್ಕೊಂಡ್ರಾ?"

ಅವಳೇ ನಿಂತು ಎಲ್ಲವನ್ನೂ ಕೆಡಿಸಿದಳು. ಗೆರೆಗಳ ಮೇಲೆ ಚಾಪೆ ಹಾಸಿದಳು, ಟ್ರಂಕುಗಳಿಗೆ ಹಳೇ ಸೀರೆ, ಬೆಡ್‌ಶೀಟು ಹೊದಿಸಿದಳು. ನಡುವೆ ಒಂದು ಮಂಚ, ಅದರ ಮೇಲೆ ಮಡಚದ ಬಟ್ಟೆ, ಪಕ್ಕದಲ್ಲಿ ಮುರಿದ ಕೂಲರು. ಪೂಣಚ್ಚ ಆ ಅವ್ಯವಸ್ಥೆಯನ್ನು ನೋಡಲಾರದೆ ಮುಖ ತಿರುಗಿಸಿದ.

ಸೀಲಿಂಗಿನವರು ಬಂದದ್ದು ಬುಧವಾರ ಬೆಳಿಗ್ಗೆ. ಮೊದಲು ಗಲ್ಲಿಯ ತುದಿಯ ಜಿಮ್ಮು, ಆಮೇಲೆ ಎದುರು ಸಾಲಿನ ಪ್ರಿಂಟಿಂಗ್ ಪ್ರೆಸ್ಸು, ಆಮೇಲೆ ಪಕ್ಕದ ಮನೆಯ ಬ್ಯೂಟಿ ಪಾರ್ಲರು. ಪಾರ್ಲರಿನ ಹೆಂಗಸು ಅಳುವುದು ಕೇಳಿಸುತ್ತಿತ್ತು. ಕರಗಿದ ಅರಗಿನ ವಾಸನೆ ಮೆಟ್ಟಿಲಿಳಿದು ನೆಲಮಾಳಿಗೆಯೊಳಗೆ ಬಂತು. ಪೂಣಚ್ಚ ಅಂಗಿಯ ಗುಂಡಿ ಸರಿಮಾಡಿಕೊಂಡ.

ಪಾಲಿಕೆಯ ಎಂಜಿನಿಯರು ಮಾಥುರ್ ನಡುವಯಸ್ಸಿನವನು, ದಣಿದ ಮುಖದವನು. ಹಿಂದೆ ಇಬ್ಬರು ಕೆಲಸದವರು, ಒಬ್ಬ ಪೊಲೀಸು. ಅವನು ಸುತ್ತ ನೋಡಿ ಹಿಂದಿಯಲ್ಲಿ ಕೇಳಿದ: "ಇಷ್ಟೊಂದು ಟ್ರಂಕು ಯಾರದು?"

"ನನ್ನದೇ ಸಾಬ್. ಮನೆಯದು."

ಹೇಳಿಬಿಟ್ಟ. ನಾಲಗೆ ತೊದಲಲಿಲ್ಲ. ಮಾಥುರ್ ಒಂದು ಬೆಡ್‌ಶೀಟಿನ ಅಂಚು ಎತ್ತಿದ. ಕೆಳಗೆ ಬಿಳಿ ಬಣ್ಣದಲ್ಲಿ ಯಾರದೋ ಹೆಸರು, ಪಕ್ಕದ ಟ್ರಂಕಿನ ಮೇಲೆ ಬೇರೆಯೇ ಹೆಸರು. ಅವನ ಹುಬ್ಬು ಮೇಲೇರಿತು.

ದೇವಮ್ಮ ಮುಂದೆ ಬಂದಳು. "ನಾವು ಕೊಡಗಿನವರು ಸಾಬ್. ನಮ್ಮಲ್ಲಿ ಒಕ್ಕ ಅಂತ ಇರತ್ತೆ. ಒಂದು ಮನೆ ಅಂದ್ರೆ ಚಿಕ್ಕಪ್ಪ, ದೊಡ್ಡಪ್ಪ, ಅವರ ಮಕ್ಕಳು, ಮೊಮ್ಮಕ್ಕಳು ಎಲ್ಲಾ ಸೇರಿ ನೂರಾರು ಜನ. ಅರ್ಧ ಜನ ಫೌಜಿನಲ್ಲೇ. ಸಾಮಾನು ಮಾತ್ರ ನಮ್ಮ ತಲೆ ಮೇಲೆ."

ಒಕ್ಕದ ಮಾತು ಅಕ್ಷರಶಃ ನಿಜ, ಟ್ರಂಕಿನ ಮಾತು ಪೂರಾ ಸುಳ್ಳು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ ಹೆಂಡತಿಯನ್ನು ಪೂಣಚ್ಚ ಬೆರಗಾಗಿ ನೋಡಿದ. ಮಾಥುರ್ ನಕ್ಕುಬಿಟ್ಟ. "ನೂರಾರು ಜನವಾ? ನಮ್ಮ ಮನೇಲಿ ಇಬ್ಬರು ಅಣ್ಣತಮ್ಮಂದಿರಿಗೇ ಜಾಗ ಸಾಲಲ್ಲ. ಚಲೋ, ಮನೆ ಬಳಕೆ ಅಂತ ಬರ್ಕೋತೀನಿ" ಎಂದು ಪೆನ್ನು ತೆಗೆದ.

ಆಗಲೇ ಮೆಟ್ಟಿಲ ಮೇಲೆ ದಡದಡ ಸದ್ದು. ಬೆವರಿನಲ್ಲಿ ತೊಯ್ದ ಒಬ್ಬ ತರುಣ ಒಳಗೆ ನುಗ್ಗಿದ. ತನ್ಮಯ್, ಹುಬ್ಬಳ್ಳಿಯವನು, ಮುಖರ್ಜಿ ನಗರದಲ್ಲಿ ಓದಿದವನು. ಮುಖ್ಯ ಪರೀಕ್ಷೆ ಮುಗಿಸಿ, ರೂಮಿನ ಬಾಡಿಗೆ ಉಳಿಸಲು ಎಲ್ಲವನ್ನೂ ಇಲ್ಲಿಟ್ಟು ಊರಿಗೆ ಹೋಗಿದ್ದ. ಹಿಂದೊಮ್ಮೆ ರೈಲಿನಲ್ಲಿ ಬ್ಯಾಗು ಕಳುವಾಗಿ ಅಂಕಪಟ್ಟಿಗಳಿಗಾಗಿ ವಿಶ್ವವಿದ್ಯಾಲಯಕ್ಕೆ ವರ್ಷವಿಡೀ ಅಲೆದಿದ್ದವನು, ಈ ಸಲ ಮೂಲ ಪ್ರಮಾಣಪತ್ರಗಳನ್ನು ರೈಲಿಗಿಂತ ಪೂಣಚ್ಚನ ಬೀಗವೇ ಮೇಲೆಂದು ಬಿಟ್ಟುಹೋಗಿದ್ದ.

"ಅಂಕಲ್, ರೈಲು ಒಂದಿನ ಪೂರಾ ಲೇಟ್ ಆತ್ರಿ! ಇವತ್ತ ಮಧ್ಯಾಹ್ನ ಇಂಟರ್‌ವ್ಯೂ ಐತಿ. ನನ್ನ ಸೂಟ್‌ಕೇಸ್ ಲಗೂನ ಕೊಡ್ರಿ" ಎಂದು ಕನ್ನಡದಲ್ಲಿ ಕೂಗುತ್ತ ಜೇಬಿಗೆ ಕೈಹಾಕಿ ರಸೀದಿ ತೆಗೆಯಹೊರಟ.

ಪೂಣಚ್ಚ ಹುಡುಗನನ್ನೂ ಮಾಥುರ್‌ನನ್ನೂ ನೋಡಿದ. ಸೂಟ್‌ಕೇಸ್ ಕೊಟ್ಟರೆ ಗೋಡೌನ್ ಹೋಯಿತು, ಕೊಡದಿದ್ದರೆ ಹುಡುಗನ ಬಾಳು ಹೋಯಿತು. ಅತ್ತ ದರಿ, ಇತ್ತ ಪುಲಿ. ಅಷ್ಟರಲ್ಲಿ ದೇವಮ್ಮ ಎರಡು ಕೈ ಚಾಚಿ, ಮುಖದ ತುಂಬ ನಗು ತುಂಬಿಕೊಂಡು, ಕನ್ನಡದಲ್ಲೇ ಹೇಳಿದಳು:

"ಚೀಟಿ ತೆಗೀಬೇಡ ಕಣೋ. ಇವರು ಬೀಗ ಹಾಕೋಕೆ ಬಂದಿದಾರೆ. ನೀನು ನನ್ನ ಅಣ್ಣನ ಮಗ. ಬಂದು ಕಾಲಿಗೆ ಬೀಳು."

ಐಎಎಸ್ ಬರೆದವನ ಬುದ್ಧಿ ಚುರುಕಾಗಿಯೇ ಇತ್ತು. ತನ್ಮಯ್ ಜೇಬಿನಿಂದ ಕೈ ತೆಗೆದು, "ಬುವಾಜಿ!" ಎಂದು ಸೋದರತ್ತೆಯನ್ನು ಕರೆಯುವಂತೆ ಶುದ್ಧ ಹಿಂದಿಯಲ್ಲಿ ಕೂಗಿ ದೇವಮ್ಮನ ಕಾಲು ಮುಟ್ಟಿದ, ಆಮೇಲೆ ಪೂಣಚ್ಚನ ಕಾಲನ್ನೂ. ಅಣ್ಣನ ಮಗ, ಸಂದರ್ಶನಕ್ಕೆ ಬಂದಿದ್ದಾನೆ ಎಂದು ದೇವಮ್ಮ ಮಾಥುರ್‌ಗೆ ವಿವರಿಸಿದಳು. ಮಾಥುರ್‌ನ ದಣಿದ ಮುಖವೂ ಅರಳಿತು. "ಶಾಬಾಷ್ ಬೇಟಾ, ಹೋಗು ಹೋಗು, ತಡ ಮಾಡಬೇಡ."

ಪೂಣಚ್ಚ ಮೂರನೇ ಸಾಲಿಗೆ ಹೋಗಿ ಸ್ಟೀಲಿನ ಸೂಟ್‌ಕೇಸ್ ಇಳಿಸಿ ತಂದ. ತನ್ಮಯ್ ತೆರೆದು ನೋಡಿದ. ಪತ್ರಗಳೆಲ್ಲ ಇದ್ದವು, ಬೇವಿನೆಲೆಯ ನಡುವೆ ಗರಿಗರಿಯಾಗಿ. ಸೂಟ್‌ಕೇಸ್ ಎತ್ತಿಕೊಂಡು ಅವನು ಮೆಟ್ಟಿಲಿಗೆ ಓಡಿದ. ಇನ್ನು ಒಂದೇ ನಿಮಿಷ, ಎಲ್ಲ ಸುಸೂತ್ರವಾಗಿ ಮುಗಿಯಬೇಕಿತ್ತು.

"ನಿಲ್ಲು," ಎಂದ ಪೂಣಚ್ಚ.

ಅವನ ಕೈ ಆಗಲೇ ಮಂಚದ ಕೆಳಗೆ ಬಚ್ಚಿಟ್ಟಿದ್ದ ಪುಸ್ತಕವನ್ನು ಎಳೆದಿತ್ತು. ಹಾಳೆ ತೆರೆದಿತ್ತು. ಪೆನ್ನು ಚಾಚಿತ್ತು. "ಸಹಿ."

ಹುಟ್ಟುಗುಣ ಸುಟ್ಟರೂ ಹೋಗದು ಎಂದು ಸುಮ್ಮನೆ ಹೇಳುತ್ತಾರೆಯೇ? ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಅವನಿಗೆ ತಾನೇನು ಮಾಡಿದೆನೆಂದು ಗೊತ್ತಾದದ್ದು. ಚಾಚಿದ ಕೈಯನ್ನು ಹಿಂತೆಗೆಯಬೇಕೆಂದುಕೊಂಡ. ಕೈ ಬರಲಿಲ್ಲ. ತನ್ಮಯ್ ದೇವಮ್ಮನನ್ನು ನೋಡಿದ, ಗಡಿಯಾರ ನೋಡಿದ, ಸರಕ್ಕನೆ ಸಹಿ ಗೀಚಿ ಓಡಿಹೋದ.

ಮಾಥುರ್ ನಿಧಾನವಾಗಿ ಬಂದು ಪೂಣಚ್ಚನ ಕೈಯಿಂದ ಪುಸ್ತಕ ತೆಗೆದುಕೊಂಡ. "ಅಣ್ಣನ ಮಗನ ಹತ್ತಿರ ಸಹಿ ತಗೋತೀರಾ?"

"ನನ್ನ ಹತ್ತಿರವೂ ತಗೋತಾರೆ!" ದೇವಮ್ಮನ ದನಿ ಕಿರುಚಿದಂತೆ ಬಂತು. ಕಣ್ಣಲ್ಲಿ ನೀರಿತ್ತು, ಸಿಟ್ಟಿನದೋ ಹೆದರಿಕೆಯದೋ. "ನನ್ನ ರಜಾಯಿ, ನನ್ನ ತವರಿನ ರಜಾಯಿ, ಅದಕ್ಕೂ ಸಹಿ ಹಾಕಿಸಿದಾರೆ ಈ ಮನುಷ್ಯ. ಹಿಂದಿನ ಹಾಳೆ ನೋಡಿ ಸಾಬ್!"

ಮಾಥುರ್ ಹಾಳೆ ತಿರುಗಿಸಿದ. ರಜಾಯಿ, ಒಂದು. ಪಡೆದವರು: ದೇವಮ್ಮ. ಅವನು ಆ ಸಹಿಯನ್ನು ನೋಡಿದ, ಅವಳನ್ನು ನೋಡಿದ, ಪೂಣಚ್ಚನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ತುಟಿಯಂಚಿನಲ್ಲಿ ನಗು ಬಂತು. "ಹೆಂಡತಿ ಹತ್ತಿರವೂ! ನಿಮ್ಮಂಥವರನ್ನ ನಾನು ನೋಡೇ ಇಲ್ಲ ಸುಬೇದಾರ್ ಸಾಬ್." ಪುಸ್ತಕ ಮುಚ್ಚಿ ವಾಪಸು ಕೊಟ್ಟ. ದೇವಮ್ಮ ಉಸಿರು ಬಿಟ್ಟಳು.

ಮಾಥುರ್ ತನ್ನ ಫೈಲಿನಿಂದ ಒಂದು ಹಾಳೆ ಎಳೆದು, ಎರಡು ಸಾಲು ಬರೆದು, ಮಂಚದ ಮೇಲಿಟ್ಟ. "ಇಲ್ಲಿರುವ ಸಾಮಾನೆಲ್ಲ ನನ್ನ ಸ್ವಂತದ್ದು ಅಂತ ಬರೆದಿದೀನಿ. ಇಲ್ಲಿ ನೀವೊಂದು ಸಹಿ ಹಾಕಿ. ಆಮೇಲೆ ಈ ಬಾಗಿಲಿಗೆ ಯಾರೂ ಬರಲ್ಲ."

ಪೆನ್ನು ಪೂಣಚ್ಚನ ಕೈಯಲ್ಲೇ ಇತ್ತು. ಹಾಳೆಯ ಮೇಲೆ ಬಾಗಿದ. ದೇವಮ್ಮ ಕಣ್ಣಲ್ಲೇ ಹಾಕಿ, ಹಾಕಿ ಎನ್ನುತ್ತಿದ್ದಳು. ನಾಲ್ಕೂ ಸಾಲು, ಕಬ್ಬಿಣದ ಹಲಗೆ, ಜೀವಮಾನದ ಗಳಿಕೆ, ಎಲ್ಲ ಉಳಿಯಲು ಎರಡು ಗೀಟು ಸಾಕಿತ್ತು. ಬಾಯಲ್ಲಿ ಆಗಲೇ ಹೇಳಿದ್ದಾಗಿದೆ, ಅದನ್ನೇ ಕೈಯಲ್ಲಿ ಹೇಳುವುದಷ್ಟೇ. ಪೆನ್ನಿನ ಮೊನೆ ಕಾಗದಕ್ಕೆ ತಾಗಿ ಒಂದು ಚುಕ್ಕೆ ಮೂಡಿತು. ಅದಕ್ಕಿಂತ ಮುಂದೆ ಹೋಗಲಿಲ್ಲ. ಹಣೆಯಿಂದ ಬೆವರು ಇಳಿಯಿತು.

"ಆಗಲ್ಲ ಸಾಬ್," ಎಂದ. "ಬಾಯಲ್ಲಿ ಸುಳ್ಳು ಹೇಳಿದೆ. ಸಹಿ ಹಾಕಿ ಹೇಳೋಕೆ ಆಗಲ್ಲ. ಇದು ಗೋಡೌನು. ಇದರಲ್ಲಿ ಒಂದು ಟ್ರಂಕೂ ನನ್ನದಲ್ಲ."

ದೇವಮ್ಮ ಮಂಚದ ಮೇಲೆ ಕುಸಿದು ಕೂತಳು. ಮಾಥುರ್‌ನ ಮುಖ ಕೆಂಪಾಯಿತು. ಸುಳ್ಳು ಹೇಳಿದ್ದಕ್ಕಿಂತ, ತಾನು ಅದನ್ನು ನಂಬಿ ನಕ್ಕಿದ್ದೆನಲ್ಲ ಎಂಬುದೇ ಅವನಿಗೆ ಹೆಚ್ಚು ಚುಚ್ಚಿರಬೇಕು. "ಬುವಾಜಿ ಅಂತೆ, ಒಕ್ಕ ಅಂತೆ! ನಾನೇನು ನಿಮಗೆ ಮೂರ್ಖನ ಹಾಗೆ ಕಂಡೆನಾ?" ಎಂದು ಗದರಿ, ಕೆಲಸದವರತ್ತ ತಿರುಗಿ, "ಸೀಲ್ ಮಾಡಿ" ಎಂದ. ಒಬ್ಬ ಸರಪಳಿ ಬಿಚ್ಚಿದ. ಇನ್ನೊಬ್ಬ ಅರಗು ಕಾಯಿಸಲು ಬೆಂಕಿಕಡ್ಡಿ ಗೀರಿದ.

ಪೂಣಚ್ಚ ನೆಟ್ಟಗೆ ನಿಂತ. ಕಳೆದುಕೊಳ್ಳುವುದಕ್ಕೆ ಇನ್ನೇನೂ ಇಲ್ಲದ್ದರಿಂದಲೋ ಏನೋ, ಅವನ ದನಿಗೆ ಉಗ್ರಾಣದ ಗಡಸು ಮರಳಿ ಬಂದಿತ್ತು.

"ಮಾಡಿ ಸಾಬ್. ಆದರೆ ಮೊದಲು ಚಾರ್ಜ್ ತಗೊಳ್ಳಿ."

"ಏನು ಚಾರ್ಜು?"

"ಬಾಗಿಲಿನ ಬೀಗ ಯಾರದೋ, ಸಾಮಾನಿನ ಹೊಣೆಯೂ ಅವರದೇ. ಇಷ್ಟು ದಿನ ನನ್ನದಿತ್ತು, ಇನ್ನು ನಿಮ್ಮದು. ಒಂದೊಂದನ್ನೂ ನೋಡ್ಕೊಂಡು ಸಹಿ ಹಾಕಿ. ನಾಳೆ ಟ್ರಂಕಿನವರು ಬಂದು ಕೇಳಿದರೆ ನಾನು ಯಾರ ಹೆಸರು ಹೇಳಲಿ?"

ಹೇಳುತ್ತಲೇ ಅವನು ಬೆಡ್‌ಶೀಟುಗಳನ್ನು ಎಳೆದೆಳೆದು ಹಾಕತೊಡಗಿದ. ಚಾಪೆ ಸರಿಯಿತು, ಬಿಳಿ ಗೆರೆಗಳು ಕಂಡವು. "ಇದು ನಾಯಕ್ ದೇವೇಂದ್ರಪ್ಪಂದು. ಲೇಹ್‌ನಲ್ಲಿದಾನೆ. ಒಳಗೆ ಹೆಂಡತಿಯ ಹೊಲಿಗೆ ಯಂತ್ರ. ಎಣ್ಣೆ ಹಾಕ್ತಿರಬೇಕು. ಇದು ವಿಮಲಾ ಸಿಸ್ಟರ್‌ದು, ಮಿಲಿಟರಿ ಆಸ್ಪತ್ರೆ ನರ್ಸು. ಮಗಳ ಮದುವೆ ಪಾತ್ರೆ. ಇದು ಸರಳಾ ಅಂತ, ಗಂಡ ಕಾರ್ಗಿಲ್‌ನಿಂದ ವಾಪಸು ಬರಲಿಲ್ಲ. ಅವನ ಯೂನಿಫಾರಂ ಇದೆ. ಬಾಡಿಗೆ ತಗೊಳ್ಳಲ್ಲ ನಾನು. ಮಳೆಗಾಲಕ್ಕೆ ಬೇವು ಬದಲಿಸಬೇಕು, ಮರೀಬೇಡಿ." ಒಂದೊಂದು ಹೆಸರಿಗೂ ಪುಸ್ತಕ ಮುಂದೆ ಹಿಡಿದ. ಪೊಲೀಸು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

ಮಾಥುರ್ ಪೆನ್ನು ಹಿಡಿದು ನಿಂತಿದ್ದ. ಮೊದಲ ಹೆಸರಿನ ಎದುರು ಬರೆಯಲು ಹೋಗಿ ನಿಲ್ಲಿಸಿದ. ಬೀಗ ಹಾಕುವುದು ಸುಲಭ, ಬೀಗದ ಒಳಗಿನದಕ್ಕೆ ಹೆಸರು ಕೊಡುವುದು ಸುಲಭವಲ್ಲ. ಸ್ವಲ್ಪ ಹೊತ್ತಿನ ಹಿಂದೆ ಇದೇ ಪೆನ್ನಿನ ಮುಂದೆ ಪೂಣಚ್ಚ ಬೆವೆತದ್ದನ್ನು ಅವನು ನೋಡಿದ್ದ. ಈಗ ಬೆವರುವುದು ಅವನ ಸರದಿ.

"ಶನಿವಾರ," ಎಂದ ಕೊನೆಗೆ, ಯಾರ ಮುಖವನ್ನೂ ನೋಡದೆ. "ಶನಿವಾರ ಬರ್ತೀನಿ. ಅಷ್ಟರಲ್ಲಿ ಖಾಲಿ ಆಗಿರಬೇಕು. ಒಂದು ದಿನವೂ ಹೆಚ್ಚಿಲ್ಲ."

"ಅದನ್ನ ಬರೆದು ಸಹಿ ಹಾಕಿ," ಎಂದ ಪೂಣಚ್ಚ.

ಮಾಥುರ್ ಅವನನ್ನು ದುರುಗುಟ್ಟಿಕೊಂಡು ನೋಡಿದ. ಬರೆದ. ಹಾಕಿದ.

ತನ್ಮಯ್ ಆ ಸಂಜೆ ಫೋನು ಮಾಡಿದ. ಹೆಸರು ಕೂಗುವ ಹೊತ್ತಿಗೆ ಸರಿಯಾಗಿ ತಲುಪಿದನಂತೆ. ಆಮೇಲಿನ ಎರಡು ದಿನ ಪೂಣಚ್ಚ ಕೂರಲಿಲ್ಲ. ಗ್ರೇಟರ್ ನೋಯ್ಡಾದಲ್ಲಿ ಅದಿತಿ ಹುಡುಕಿಟ್ಟಿದ್ದ ಶೆಡ್ಡಿಗೆ ಮುಂಗಡ ಕೊಟ್ಟ. ಟೆಂಪೋಗಳು ಬಿಸಿಲಿನಲ್ಲಿ ಯಮುನೆ ದಾಟಿ ಹೋದವು, ಬಂದವು. ಮೂರು ವರ್ಷದಲ್ಲಿ ನಾಲ್ಕನೇ ಸಾಲು ಉಳಿಸಿಕೊಟ್ಟದ್ದೆಲ್ಲ ಡೀಸೆಲ್ಲಾಗಿ ಹೊಗೆಯಾಯಿತು. ಅವನ ಫೋನಿಗೆ ಸಿಕ್ಕ ಗಿರಾಕಿಗಳಲ್ಲಿ ಅರ್ಧ ಜನ, ಅಷ್ಟು ದೂರ ಬೇಡ ಸುಬೇದಾರ್ರೇ ಎಂದು ತಮ್ಮ ಸಾಮಾನು ಒಯ್ದರು. ಸಹಿ ಹಾಕಿಯೇ ಒಯ್ದರು. ಒಂದು ಟ್ರಂಕೂ ಒಂದು ಚಮಚವೂ ಕಳೆಯಲಿಲ್ಲ. ಆದರೆ ಹೊಸ ಶೆಡ್ಡಿನಲ್ಲಿ ಎರಡು ಸಾಲು ತುಂಬುವುದೂ ಕಷ್ಟವಾಯಿತು. ದೇವಮ್ಮ ಬೈಯಲಿಲ್ಲ. ಅದೇ ಪೂಣಚ್ಚನಿಗೆ ಹೆಚ್ಚು ನೋವಾಗಿತ್ತು.

ಶನಿವಾರ ಮಾಥುರ್ ಬಂದಾಗ ನೆಲಮಾಳಿಗೆಯಲ್ಲಿ ನುಸಿಗುಳಿಗೆಯ ವಾಸನೆ, ಬಿಳಿ ಗೆರೆಗಳು, ಅಷ್ಟೇ ಇದ್ದವು. ಸರಪಳಿ ಬಿತ್ತು, ಅರಗು ಬಿತ್ತು. ಜಾಗ ಖಾಲಿ ಎಂಬ ಕಾಗದಕ್ಕೆ ಪೂಣಚ್ಚ ತಡವರಿಸದೆ ಸಹಿ ಹಾಕಿದ. ಕೆಲಸದವರು ಹೋದರು. ಮಾಥುರ್ ಮಾತ್ರ ಹೋಗದೆ, ಫೈಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತ ನಿಂತ.

"ನಿಮ್ಮ ಹೊಸ ಜಾಗ ಎಲ್ಲಿ?"

ಪೂಣಚ್ಚ ಗಾಬರಿಯಾದ. "ಅಲ್ಲಿಗೂ ಬರ್ತೀರಾ ಸಾಬ್? ಅದು ಕೈಗಾರಿಕಾ ಪ್ರದೇಶ, ಕಾಗದ ಎಲ್ಲ ಇದೆ."

"ಅದಕ್ಕಲ್ಲ." ಮಾಥುರ್ ಗಂಟಲು ಸರಿಮಾಡಿಕೊಂಡ. "ನಮ್ಮ ತಂದೆ ಹೋಗಿಬಿಟ್ಟರು, ಹೋಳಿ ಹೊತ್ತಿಗೆ. ಮನೆ ವಿಷಯಕ್ಕೆ ಅಣ್ಣನಿಗೂ ನನಗೂ ಮಾತಿಲ್ಲ. ಅಪ್ಪನ ಸಾಮಾನು ಅವನ ಹತ್ತಿರ ಇಟ್ಟರೆ ನನಗೆ ನಂಬಿಕೆ ಇಲ್ಲ, ನನ್ನ ಹತ್ತಿರ ಇಟ್ಟರೆ ಅವನಿಗಿಲ್ಲ. ಎರಡು ಟ್ರಂಕು, ಒಂದು ಹಾರ್ಮೋನಿಯಂ. ಅವನು ಬಂದು ಕೇಳಿದರೆ ಕೊಡ್ತೀರಾ?"

"ಇಬ್ಬರ ಸಹಿಯೂ ಇಲ್ಲದೆ ಕೊಡಲ್ಲ."

"ನಾನೊಬ್ಬನೇ ಬಂದರೆ? ಇದೇ ಕೆಲಸದವರನ್ನ, ಪೊಲೀಸನ್ನ ಕರ್ಕೊಂಡು?"

"ನೀವು ಬಂದರೂ ಇಲ್ಲ."

ಮಾಥುರ್ ತಲೆಯಾಡಿಸಿದ. ಬುಧವಾರದ ನಂತರ ಅವನು ನಕ್ಕದ್ದು ಇದೇ ಮೊದಲಿರಬೇಕು. ಗೇಟಿನ ಬಳಿ ಕೊನೆಯ ಟೆಂಪೋ ಹತ್ತಲು ಕಾಯುತ್ತಿದ್ದ ದೇವಮ್ಮನಿಗೆ ನಮಸ್ಕಾರ ಮಾಡಿ, "ಬುವಾಜಿ, ನಿಮ್ಮ ಒಕ್ಕಕ್ಕೆ ಇನ್ನೊಬ್ಬ ಸೇರಿಕೊಂಡ" ಎಂದ. ದೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

ಪೂಣಚ್ಚ ಟೆಂಪೋದ ಬಾನೆಟ್ಟಿನ ಮೇಲೆ ಪುಸ್ತಕ ತೆರೆದು ಬರೆಯತೊಡಗಿದ. ಟ್ರಂಕು, ಎರಡು. ಹಾರ್ಮೋನಿಯಂ, ಒಂದು. ಇಡುವ ಜಾಗ: ನಾಲ್ಕನೇ ಸಾಲು.

"ಎರಡನೇ ಸಾಲೇ ತುಂಬಿಲ್ಲ, ನಾಲ್ಕನೇದಂತೆ" ಎಂದಳು ದೇವಮ್ಮ.

ಪೂಣಚ್ಚ ಪುಸ್ತಕವನ್ನು ಮಾ‌ಥುರ್‌ನತ್ತ ತಿರುಗಿಸಿ ಪೆನ್ನು ಚಾಚಿದ.

"ಸಹಿ."